ಈ ಸಭೆಗೆ ಬಂದ ಕಾರಣವೇನು?

ಬಳ್ಳಾರಿ ಸೀಮೆಯ ಬಯಲಾಟದಲ್ಲಿ ಪಾತ್ರವೊಂದು ಅಟ್ಟ ಹತ್ತಿದ ಕೂಡಲೇ ಕಥೆ ಮುಂದಕ್ಕೆ ಓಡುವುದಿಲ್ಲ. ಮೊದಲು ಕುಣಿತ, ಆಮೇಲೆ ಆಟ ನಡೆಸಿಕೊಡುವ ಸಾರಥಿಯ ವಿಚಾರಣೆ. ತಾವು ಯಾರು, ಯಾರ ಮಕ್ಕಳು, ಯಾವ ಪಟ್ಟಣ ಆಳುವವರು ಎಂದು ಅವನು ಒಂದೊಂದಾಗಿ ಕೇಳುತ್ತಾನೆ. ಕಿರೀಟ, ಭುಜಕೀರ್ತಿ ಹೊತ್ತು ಬಂದ ದುರ್ಯೋಧನನೂ ಉತ್ತರ ಕೊಡಲೇಬೇಕು. ಕೆಳಗೆ ಕೂತ ಜನಕ್ಕೆ ಅವನು ದುರ್ಯೋಧನ ಎಂದು ಗೊತ್ತು, ಬಣ್ಣದ ಹಿಂದಿರುವುದು ಯಾರ ಮನೆಯ ಹುಡುಗ ಎಂಬುದೂ ಗೊತ್ತು. ಆದರೂ ಕೇಳುವುದು ತಪ್ಪುವುದಿಲ್ಲ, ಹೇಳುವುದೂ ತಪ್ಪುವುದಿಲ್ಲ. ವಂಶ, ಊರು, ಬಿರುದು ಎಲ್ಲ ಮುಗಿದ ಮೇಲೆ ಸಾರಥಿ ಕೊನೆಯದೊಂದನ್ನು ಕೇಳುತ್ತಾನೆ: ಈ ಸಭೆಗೆ ತಾವು ಬಂದ ಕಾರಣವೇನು? ಅದಕ್ಕೆ ಉತ್ತರ ಸಿಕ್ಕ ಮೇಲೆಯೇ ಆಟ ಶುರುವಾಗುತ್ತದೆ.

ಈಗಿನ ಹುಡುಗ ಹುಡುಗಿಯರು ಆಡುವ ರೋಲ್ ಪ್ಲೇಯಿಂಗ್ ಗೇಮುಗಳಲ್ಲಿ ಪಾತ್ರಕ್ಕೊಂದು ಪೂರ್ವಕಥೆ ಕಟ್ಟಬೇಕಾಗುತ್ತದೆ. ಅದನ್ನು ಹೇಗೆ ಕಟ್ಟುವುದು ಎಂದು ಕೇಳುವವರಿಗೆ ನಾನು ಸಾರಥಿಯ ಈ ಕೊನೆಯ ಪ್ರಶ್ನೆಯನ್ನೇ ತೋರಿಸುತ್ತೇನೆ. ಉಳಿದ ಪ್ರಶ್ನೆಗಳಿಗೆ ಎಷ್ಟು ಸೊಗಸಾದ ಉತ್ತರ ಬರೆದರೂ ಇದೊಂದಕ್ಕೆ ಉತ್ತರ ಇಲ್ಲದಿದ್ದರೆ ಪಾತ್ರ ಅಟ್ಟದ ಮೇಲೆ ಸುಮ್ಮನೆ ನಿಂತುಬಿಡುತ್ತದೆ.

ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ನಾಲ್ಕೈದು ಜನ ಸುತ್ತ ಕೂತು ಬಾಯಿಮಾತಿನಲ್ಲೇ ಆಡುವ ಆಟ ಇದು. ಒಬ್ಬೊಬ್ಬರು ಒಂದೊಂದು ಪಾತ್ರ ಕಟ್ಟಿಕೊಳ್ಳುತ್ತಾರೆ. ಒಬ್ಬರು ಮಾತ್ರ ಆ ಪಾತ್ರಗಳು ಓಡಾಡುವ ಲೋಕವನ್ನು ನೋಡಿಕೊಳ್ಳುತ್ತಾರೆ. ಅವರು ಗೇಮ್ ಮಾಸ್ಟರ್. ಕೋಟೆಯ ಬಾಗಿಲು ಮುಚ್ಚಿದೆ, ಒಳಗೆ ದೀಪ ಕಾಣುತ್ತಿದೆ, ಏನು ಮಾಡುತ್ತೀರಿ ಎಂದು ಅವರು ಕೇಳಿದರೆ, ಗೋಡೆ ಹತ್ತುತ್ತೇನೆ ಎಂದು ಒಬ್ಬ, ಕಾವಲುಗಾರನಿಗೆ ದುಡ್ಡು ಕೊಡುತ್ತೇನೆ ಎಂದು ಇನ್ನೊಬ್ಬ ಹೇಳುತ್ತಾನೆ. ಅದು ಕೈಗೂಡುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳ ಮೂಲ. ಅದು ಹುಟ್ಟಿದ್ದು ಪುಟಾಣಿ ಸೈನಿಕರನ್ನು ಹೂಡಿ ಆಡುವ ಯುದ್ಧದ ಆಟಗಳಿಂದ. ಇಡೀ ದಂಡನ್ನು ನಡೆಸುವ ಬದಲು ಒಬ್ಬನೇ ಒಬ್ಬನನ್ನು ನಡೆಸಿದರೆ ಹೇಗೆ ಎಂಬ ಯೋಚನೆ ಅದರ ಬೀಜ.

ಮೊದಮೊದಲು ಆ ಒಬ್ಬನಿಗೆ ಹಿಂದುಮುಂದು ಏನೂ ಇರಲಿಲ್ಲ. ಹೆಸರು, ಬಲ, ಕೈಯಲ್ಲೊಂದು ಕತ್ತಿ, ಅಷ್ಟೆ. ಮೊದಲ ಗುಹೆಯಲ್ಲೇ ಸತ್ತರೆ ಇನ್ನೊಬ್ಬನನ್ನು ಹುಟ್ಟಿಸಿಕೊಳ್ಳುತ್ತಿದ್ದರು. 1977ರಲ್ಲಿ ಬಂದ ‘ಟ್ರಾವೆಲರ್’ ಆಟದಲ್ಲಿ ಆಟಕ್ಕೆ ಮುಂಚೆಯೇ ದಾಳ ಹಾಕಿ ಪಾತ್ರದ ಹಿಂದಿನ ನೌಕರಿ, ಬಡ್ತಿ, ವಯಸ್ಸು ಎಲ್ಲ ತಿಳಿದುಕೊಳ್ಳುವ ಕ್ರಮ ಬಂತು. ದಾಳ ಕೈಕೊಟ್ಟರೆ ಪಾತ್ರ ಆಟ ಶುರುವಾಗುವ ಮೊದಲೇ ಸಾಯುವುದೂ ಇತ್ತು. 2014ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಐದನೆಯ ಆವೃತ್ತಿ ಪ್ರತಿ ಪಾತ್ರಕ್ಕೂ ಒಂದು ಹಿನ್ನೆಲೆ ಕೇಳಿತು. ಅದರ ಜೊತೆಗೆ ಸ್ವಭಾವ, ಆದರ್ಶ, ನಂಟು, ಕುಂದು ಎಂಬ ನಾಲ್ಕನ್ನೂ ಬರೆದುಕೊಳ್ಳಬೇಕೆಂದಿತು. ಈ ನಾಲ್ಕರಲ್ಲಿ ಹೊಸಬರು ಬೇಗ ತುಂಬುವುದು ಮೊದಲಿನದನ್ನು. ಆಟಕ್ಕೆ ಹೆಚ್ಚು ಕೆಲಸಕ್ಕೆ ಬರುವುದು ಕೊನೆಯ ಎರಡು.

ಹೊಸಬರು ಬರೆಯುವ ಪೂರ್ವಕಥೆಗಳಲ್ಲಿ ಎರಡು ಜಾತಿ. ಒಂದು, ಅನಾಥನ ಕಥೆ. ನನ್ನ ಅಕ್ಕನ ಮಗ ಒಮ್ಮೆ ನೋಟ್‌ಬುಕ್ ಹಿಡಿದು ಬಂದು, “ಮಾಮ, ಇವನ ಅಪ್ಪ ಅವ್ವ ಇಬ್ರೂ ಸತ್ತಾರ. ಊರು ಸುಟ್ಟು ಹೋಗೈತಿ” ಎಂದ.

“ಅಣ್ಣ ತಮ್ಮ?”

“ಯಾರೂ ಇಲ್ಲ.”

“ಸಾಲಗೀಲ? ಗೆಳೆಯರು? ಕಲಿಸಿದ ಗುರು?”

“ಗುರುನೂ ಸತ್ತಾನ ಮಾಮ.”

“ಮತ್ತ ಇವನು ಯಾತಕ್ಕ ಬದುಕ್ಯಾನ?”

“ಸೇಡಿಗೆ.”

ಹದಿನಾರರ ಹುಡುಗನಿಗೆ ಇದು ಗಂಭೀರವಾದ ಕಥೆ, ಅದನ್ನು ಹಗುರ ಮಾಡುವುದು ನನಗೆ ಇಷ್ಟವಿಲ್ಲ. ದುಃಖ ಇಲ್ಲದ ಪಾತ್ರ ಯಾರಿಗೆ ಬೇಕು? ತೊಡಕು ಬೇರೆ ಕಡೆ ಇದೆ. ಎಲ್ಲರನ್ನೂ ಕೊಂದುಬಿಟ್ಟರೆ ಗೇಮ್ ಮಾಸ್ಟರ್ ಕೈಗೆ ಹಿಡಿಯಲು ಏನೂ ಸಿಗುವುದಿಲ್ಲ. ತಂಗಿ ಬದುಕಿದ್ದರೆ ಅವಳಿಂದ ಒಂದು ಕಾಗದ ಬರಬಹುದು. ಸಾಲ ಇದ್ದರೆ ಸಾಹುಕಾರ ಬಾಗಿಲಿಗೆ ಬರಬಹುದು. ಸತ್ತವರಿಂದ ಏನು ಬಂದೀತು? ಕಳೆದುಕೊಂಡದ್ದಷ್ಟೇ ಇರುವವನನ್ನು ಆಟದೊಳಗೆ ಎಳೆಯುವುದು ಕಷ್ಟ. ಇನ್ನೂ ಕಳೆದುಕೊಳ್ಳುವಂಥದ್ದು ಏನಾದರೂ ಅವನ ಬಳಿ ಉಳಿದಿರಬೇಕು.

ಎರಡನೆಯ ಜಾತಿ, ಹತ್ತು ಹಾಳೆಯ ಪುರಾಣ. ಅದರಲ್ಲಿ ಪಾತ್ರ ಆಗಲೇ ಯುದ್ಧ ಗೆದ್ದಿರುತ್ತದೆ, ರಾಜದ್ರೋಹಿಯನ್ನು ಹಿಡಿದಿರುತ್ತದೆ, ಹುಲಿಯ ಬೆನ್ನೇರಿರುತ್ತದೆ. ಇದರ ಹಳೆಯ ಮಾದರಿ ನಮ್ಮ ಜಿಲ್ಲೆಯ ಕಲ್ಲುಗಳ ಮೇಲೆಯೇ ಇದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿ ಕುರುಗೋಡನ್ನು ಆಳಿದ ಸಿಂದರು ತಮ್ಮನ್ನು ನಾಗವಂಶದವರೆಂದು ಹೇಳಿಕೊಂಡರು. ಸಿಂದರ ಶಾಸನವೊಂದು ಅವರ ಮೂಲಪುರುಷನನ್ನು ನಾಗರಾಜನ ಮಗ ಎಂದು ಕರೆಯುತ್ತದೆ. ಆ ಕೂಸು ಹುಲಿಯ ಹಾಲು ಕುಡಿದು ಬೆಳೆಯಿತಂತೆ. ಪ್ರಶಸ್ತಿ ಬರೆದ ಕವಿಯ ಕೆಲಸ ಆಳುವವನ ಹಕ್ಕನ್ನು ಗಟ್ಟಿ ಮಾಡುವುದು. ಆದ್ದರಿಂದ ಅಲ್ಲಿ ಪ್ರಶ್ನೆ ಉಳಿಯುವಂತಿಲ್ಲ, ಸೋಲು ಇರುವಂತಿಲ್ಲ. ಆಸ್ಥಾನಕ್ಕೆ ಅದು ಸರಿಯಾದ ಬರವಣಿಗೆ, ಆಟಕ್ಕೆ ಅಲ್ಲ. ಗೆಲ್ಲುವುದೆಲ್ಲ ಆಟಕ್ಕೆ ಮುಂಚೆಯೇ ಮುಗಿದಿದ್ದರೆ ಆಡುವುದೇನನ್ನು?

ಆದರೂ ಕುರುಗೋಡಿನ ಸಿಂದರಿಂದ ಕಲಿಯುವುದೊಂದಿದೆ. ಶಾಸನದ ಬಿರುದಾವಳಿಗಳು ಓದಿದ ಮರುದಿನವೇ ಮರೆತುಹೋಗುತ್ತವೆ. ಹುಲಿಯ ಹಾಲು ಕುಡಿದ ಕೂಸು ಮರೆಯುವುದಿಲ್ಲ. ಹತ್ತು ಹಾಳೆ ಬರೆದವರು ಅದನ್ನೆಲ್ಲ ಪಕ್ಕಕ್ಕಿಟ್ಟು, ಕಣ್ಣಿಗೆ ಕಟ್ಟುವ ಇಂಥ ಒಂದೇ ಒಂದು ಸಂಗತಿಯನ್ನು ಆರಿಸಿಕೊಂಡರೆ ಜೊತೆಗಾರರು ಅದನ್ನು ವರ್ಷವಾದರೂ ನೆನಪಿಟ್ಟುಕೊಳ್ಳುತ್ತಾರೆ.

ನನಗೆ ಗೊತ್ತಿರುವ ಪೂರ್ವಕಥೆಗಳಲ್ಲೆಲ್ಲ ಅತ್ಯುತ್ತಮವಾದದ್ದು ಶಕುನಿಯದು. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’, ‘ಕುರುಕ್ಷೇತ್ರ’ ನಾಟಕಗಳನ್ನು ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಜಾತ್ರೆಗೋ ಸುಗ್ಗಿ ಮುಗಿದ ಮೇಲೋ ಆಡುತ್ತ ಬಂದಿದ್ದಾರೆ. ಹೊಲದ ಕೆಲಸ ಮುಗಿಸಿ ಬಂದ ರೈತರು ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಅವರಂಥ ದೊಡ್ಡ ಕಲಾವಿದೆಯರು ಬೆಳೆದದ್ದು ಇಂಥ ಪೌರಾಣಿಕ ನಾಟಕಗಳ ಪರಂಪರೆಯಲ್ಲಿ. ಪೌರಾಣಿಕ ನಾಟಕ ನೋಡಿ ಬೆಳೆದವರಿಗೆ ಶಕುನಿ ಕೇವಲ ಕೆಟ್ಟವನಲ್ಲ. ಅವನ ಅಪ್ಪ, ಅಣ್ಣತಮ್ಮಂದಿರನ್ನು ಕೌರವರು ಸೆರೆಮನೆಗೆ ಹಾಕಿದರು. ತಲೆಗೊಂದೇ ಅಗುಳು ಅನ್ನ ಕೊಟ್ಟರು. ಒಬ್ಬನಾದರೂ ಬದುಕಿ ಸೇಡು ತೀರಿಸಲಿ ಎಂದು ಎಲ್ಲರೂ ತಮ್ಮ ಅಗುಳನ್ನು ಶಕುನಿಗೆ ಕೊಟ್ಟು ತಾವು ಸತ್ತರು. ಅಪ್ಪನ ಎಲುಬಿನಿಂದ ಅವನು ದಾಳ ಮಾಡಿಕೊಂಡ.

ವ್ಯಾಸರ ಭಾರತದಲ್ಲಿ ಇದಿಲ್ಲ. ಜನ ಕಟ್ಟಿದ್ದು. ಯಾಕೆ ಕಟ್ಟಿದರು? ಸಭೆಯಲ್ಲಿ ಕೂತು ಮೋಸದ ದಾಳ ಹಾಕುವವನೊಬ್ಬನಿದ್ದಾನೆ, ತಂಗಿಯ ಮನೆಯಲ್ಲೇ ವರ್ಷಗಟ್ಟಲೆ ಉಳಿದಿದ್ದಾನೆ, ಆ ಮನೆಯನ್ನೇ ನಾಶದ ಕಡೆಗೆ ನಡೆಸುತ್ತಿದ್ದಾನೆ. ಇವನು ಈ ಸಭೆಗೆ ಬಂದ ಕಾರಣವೇನು? ಮೂಲದಲ್ಲಿ ಸಿಕ್ಕ ಉತ್ತರ ಜನಕ್ಕೆ ಸಾಲಲಿಲ್ಲ, ತಾವೇ ಒಂದು ಕೊಟ್ಟರು.

ಈ ಕಥೆಯನ್ನು ಬಿಡಿಸಿ ನೋಡಿ, ಪೂರ್ವಕಥೆಗೆ ಬೇಕಾದದ್ದೆಲ್ಲ ಇದರಲ್ಲಿದೆ. ನಾಲ್ಕೇ ವಾಕ್ಯದಲ್ಲಿ ಮುಗಿಯುತ್ತದೆ. ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತುವಿದೆ, ಆ ವಸ್ತುವನ್ನು ಅವನು ಪ್ರತಿ ದೃಶ್ಯದಲ್ಲೂ ಬಳಸಬಹುದು. ಸತ್ತವರ ಋಣ ಇದೆ, ಅದು ಇನ್ನೂ ತೀರಿಲ್ಲ. ಅನಾಥನ ಕಥೆಯಲ್ಲೂ ಇವನ ಕಥೆಯಲ್ಲೂ ಮನೆಯವರು ಸತ್ತಿದ್ದಾರೆ, ಆದರೆ ಶಕುನಿ ತನ್ನವರನ್ನು ಕೊಂದವರ ಮನೆಯಲ್ಲೇ ಉಣ್ಣುತ್ತಿದ್ದಾನೆ, ಅವರ ಮಕ್ಕಳಿಗೆ ಸೋದರಮಾವ, ಅವರ ತಾಯಿ ಅವನ ಸ್ವಂತ ತಂಗಿ. ಸೇಡು ತೀರಿದರೆ ತಂಗಿಯ ಮಕ್ಕಳು ಸಾಯುತ್ತಾರೆ. ಒಂದು ಕೈ ಮುಂದಕ್ಕೆ ಎಳೆದರೆ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಇದಕ್ಕಿಂತ ಹೆಚ್ಚಾಗಿ, ಇದು ಗುಟ್ಟು. ಯಾವ ಕ್ಷಣದಲ್ಲಾದರೂ ಬಯಲಾಗಬಹುದು ಎಂಬ ಭಯ ಅವನು ನಕ್ಕಾಗಲೂ ಜೊತೆಗಿರುತ್ತದೆ. ನನ್ನ ಅಕ್ಕನ ಮಗನಿಗೆ ನಾನು ಹೇಳಿದ್ದೂ ಇಷ್ಟೇ: ಸುಟ್ಟ ಊರಿನಿಂದ ಒಬ್ಬರನ್ನು ಬದುಕಿಸು, ಸುಟ್ಟವನ ಮನೆಯಲ್ಲೇ ಅವರನ್ನು ಇರಿಸು.

ನಟನೂ ಪೂರ್ವಕಥೆ ಕಟ್ಟುತ್ತಾನೆ. ರಷ್ಯಾದ ಸ್ಟಾನಿಸ್ಲಾವ್‌ಸ್ಕಿ ನಟರಿಗೆ ಕಲಿಸಿದ ಮುಖ್ಯ ಪಾಠಗಳಲ್ಲಿ ಇದೂ ಒಂದು. ಪಾತ್ರ ಎಲ್ಲಿಂದ ಬಂತು, ಏನು ಬಯಸುತ್ತದೆ, ಯಾವ ಸನ್ನಿವೇಶದಲ್ಲಿ ಸಿಕ್ಕಿದೆ ಎಂಬುದನ್ನು ನಟ ತಿಳಿದಿರಬೇಕು. ಬಳ್ಳಾರಿಗೆ ಈ ಮಾತು ಹೊಸದೆನಿಸಬೇಕಾಗಿಲ್ಲ. 1880ರಲ್ಲಿ ತಾಡಪತ್ರಿಯಲ್ಲಿ ಹುಟ್ಟಿ, ಬಳ್ಳಾರಿಯಲ್ಲಿ ವಕೀಲಿಕೆ ಮಾಡುತ್ತ, ಊರಿನ ಹೆಸರನ್ನೇ ತನ್ನ ಹೆಸರಾಗಿಸಿಕೊಂಡ ಬಳ್ಳಾರಿ ರಾಘವ ಅವರ ಕಾಲದಲ್ಲಿ ನಟನ ಯೋಗ್ಯತೆಯನ್ನು ಅವನು ಪದ್ಯವನ್ನು ಎಷ್ಟು ಹೊತ್ತು ಎಳೆದು ಹಾಡುತ್ತಾನೆ ಎಂಬುದರಲ್ಲಿ ಅಳೆಯುತ್ತಿದ್ದರು. ರಾಘವರು ಹಾಡಿನ ಅಬ್ಬರ ತಗ್ಗಿಸಿ ಮಾತಿಗೆ, ಮುಖದ ಭಾವಕ್ಕೆ ಒತ್ತು ಕೊಟ್ಟರು. ಹೆಣ್ಣು ಪಾತ್ರಗಳನ್ನು ಹೆಣ್ಣುಮಕ್ಕಳೇ ಮಾಡಬೇಕು ಎಂದು ವಾದಿಸಿ ಮಾಡಿಸಿದರು. ದುರ್ಯೋಧನ, ಹರಿಶ್ಚಂದ್ರ, ಪಠಾಣ ರುಸ್ತುಂ, ಷೈಲಾಕ್, ಒಥೆಲೊ ಎಲ್ಲರನ್ನೂ ಒಬ್ಬರೇ ಹೊತ್ತವರು. ಕೋರ್ಟಿನಲ್ಲಿ ಪ್ರತಿ ಕಕ್ಷಿದಾರನಿಗೂ ತನ್ನದೇ ಒಂದು ನ್ಯಾಯ ಇರುವುದನ್ನು ದಿನವೂ ಕಂಡ ವಕೀಲರು, ಖಳ ಎನಿಸಿಕೊಂಡವನ ಒಳಗೂ ಒಂದು ನ್ಯಾಯ ಹುಡುಕಿದ್ದು ನನಗೆ ಸಹಜವಾಗಿ ಕಾಣುತ್ತದೆ. 1946ರಲ್ಲಿ ಅವರು ತೀರಿಕೊಂಡರು. ಊರಿನ ರಾಘವ ಕಲಾಮಂದಿರ ಅವರ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ.

ರಾಘವರ ದುರ್ಯೋಧನನಿಗೂ ಆಟದ ಮೇಜಿನ ಪಾತ್ರಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ, ಮತ್ತು ಪೂರ್ವಕಥೆ ಬರೆಯುವವರು ಇದನ್ನು ಗಟ್ಟಿಯಾಗಿ ಹಿಡಿಯಬೇಕು. ನಟನಿಗೆ ಕೊನೆ ಗೊತ್ತು. ದುರ್ಯೋಧನನ ತೊಡೆ ಮುರಿಯುವುದು ಖಚಿತ. ಆದ್ದರಿಂದ ಅವನು ಕಟ್ಟುವ ಪೂರ್ವಕಥೆ ಆ ಕೊನೆಯನ್ನು ವಿವರಿಸಿದರೆ ಸಾಕು. ಆಟಗಾರನಿಗೆ ಮುಂದಿನ ಅರ್ಧ ಗಂಟೆಯೂ ಗೊತ್ತಿಲ್ಲ. ಅವನ ಪೂರ್ವಕಥೆ ವಿವರಣೆ ಕೊಡುವ ಕೆಲಸಕ್ಕೆ ಹೋಗದೆ ದಾರಿಗಳನ್ನು ತೆರೆದಿಡಬೇಕು. ಅದರಲ್ಲಿ ಒಂದು ಜಾಗ ಖಾಲಿ ಇರಬೇಕು, ಅದು ಬೇಕೆಂದೇ ಬಿಟ್ಟ ಖಾಲಿ ಜಾಗವಾಗಿರಬೇಕು. ಅಪ್ಪನನ್ನು ಕೊಂದವನು ಯಾರು ಎಂದು ಆಟಗಾರನಿಗೇ ಗೊತ್ತಿರದಿದ್ದರೆ ಒಳ್ಳೆಯದು. ಆ ಜಾಗವನ್ನು ತುಂಬುವ ಸುಖವನ್ನು ಗೇಮ್ ಮಾಸ್ಟರಿಗೆ ಬಿಟ್ಟುಕೊಡಬೇಕು.

ಇನ್ನೊಂದು ಪರೀಕ್ಷೆ ಹಗಲುವೇಷದವರಿಂದ ಬರುತ್ತದೆ. ಬುಡ್ಗ ಜಂಗಮ ಸಮುದಾಯದ ಕಲಾವಿದರು ಹಾಡಹಗಲೇ ವೇಷ ಕಟ್ಟಿ ಬೀದಿಗೆ ಬರುತ್ತಾರೆ. ಅಟ್ಟ ಇಲ್ಲ, ಪರದೆ ಇಲ್ಲ. ಅಂಗಡಿಯವನು ಏನು ಬೇಕಾದರೂ ಕೇಳಬಹುದು, ಮಕ್ಕಳು ಅಡ್ಡ ಬರಬಹುದು. ಉತ್ತರ ವೇಷದೊಳಗಿನಿಂದಲೇ ಬರಬೇಕು. ನಿಮ್ಮ ಪಾತ್ರವನ್ನೂ ಹಾಗೆ ಬಜಾರಿಗೆ ಕರೆದೊಯ್ಯಿರಿ. ಊಟಕ್ಕೆ ಏನು ಕೇಳುತ್ತದೆ, ಬಸ್ಸು ತಪ್ಪಿದರೆ ಯಾರನ್ನು ಬೈಯುತ್ತದೆ, ಯಾರ ಮುಂದೆ ತಲೆ ತಗ್ಗಿಸುತ್ತದೆ? ಬರೆದಿಡದ ಪ್ರಶ್ನೆಗೆ ತಡವರಿಸದೆ ಉತ್ತರ ಬಂದರೆ ಪೂರ್ವಕಥೆ ಸಿದ್ಧ, ಹಾಳೆಯ ಮೇಲೆ ನಾಲ್ಕೇ ಸಾಲಿದ್ದರೂ.

ಮಾತು ಸಾಕು, ಒಂದನ್ನು ಕಟ್ಟಿಯೇ ನೋಡೋಣ. ಆಟದ ಲೋಕಕ್ಕೆ ದೂರದ ಡ್ರ್ಯಾಗನ್ ಬೇಕೆಂದಿಲ್ಲ. 1803ರ ಬಳ್ಳಾರಿ ಸೀಮೆಯನ್ನು ತೆಗೆದುಕೊಳ್ಳಿ. 1800ರಲ್ಲಿ ನಿಜಾಮರು ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟ ಜಿಲ್ಲೆಗಳಿಗೆಲ್ಲ ಥಾಮಸ್ ಮನ್ರೋ ಮುಖ್ಯ ಕಲೆಕ್ಟರಾಗಿ ಬಂದು 1807ರವರೆಗೆ ಇದ್ದ. ಅವನು ಬಂದಾಗ ಆ ಪ್ರದೇಶದಲ್ಲಿ ಸುಮಾರು 80 ಪಾಳೇಗಾರರಿದ್ದರು. ಅವರ ಬಲ ಮುರಿಯಲಾಯಿತು, ಅವರನ್ನು ನಂಬಿದ ಬಂಟರು ಕೆಲಸ ಕಳೆದುಕೊಂಡರು. ಸರಪಳಿ ಹಿಡಿದು ಹೊಲ ಅಳೆಯುವವರು ಊರೂರಿಗೆ ಬಂದರು. ತುಂಗಭದ್ರೆಯ ಆಚೆಯ ರಾಯಚೂರು ನಿಜಾಮರಿಗೇ ಉಳಿಯಿತು, ಈಚೆಯದು ಕಂಪನಿಯದಾಯಿತು. ನಿನ್ನೆಯವರೆಗೆ ಬರೀ ಹೊಳೆಯಾಗಿದ್ದದ್ದು ಗಡಿಯಾಯಿತು. ಎಲ್ಲರ ಬದುಕೂ ಒಟ್ಟಿಗೇ ಅಲ್ಲಾಡುತ್ತಿರುವ ಇಂಥ ಕಾಲ ಆಟಕ್ಕೆ ಹೇಳಿ ಮಾಡಿಸಿದ್ದು.

ಬಳ್ಳಾರಿ ಕೋಟೆಗೆ ಒಂದು ಐತಿಹ್ಯ ಅಂಟಿಕೊಂಡಿದೆ. ಹೈದರ್ ಅಲಿ ಫ್ರೆಂಚ್ ಇಂಜಿನಿಯರ್ ಒಬ್ಬನನ್ನು ಇಟ್ಟುಕೊಂಡು ಕೋಟೆಯನ್ನು ಬಲಪಡಿಸಿದ. ಕೆಲಸ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರ, ಅಲ್ಲಿಂದ ಕೋಟೆಗೆ ಗುಂಡು ಹೊಡೆಯಬಹುದು. ಸಿಟ್ಟಾದ ಹೈದರ್ ಆ ಇಂಜಿನಿಯರನ್ನು ಕೋಟೆ ಬಾಗಿಲಲ್ಲೇ ಗಲ್ಲಿಗೇರಿಸಿದ ಎಂದು ಜನ ಹೇಳುತ್ತಾರೆ. ಬಳ್ಳಾರಿಯ ಮಕ್ಕಳು ಕೇಳಿಯೇ ಬೆಳೆಯುವ ಕಥೆ ಇದು. ಇದರಲ್ಲಿ ಇಂಜಿನಿಯರ್ ಇದ್ದಾನೆ, ಹೈದರ್ ಇದ್ದಾನೆ. ಕಲ್ಲು ಕಡಿದವರು ಎಲ್ಲಿ? ಈ ಗುಡ್ಡಗಳ ನಡುವೆ ಹುಟ್ಟಿ ಬೆಳೆದ ಕಲ್ಲುಕುಟಿಗರಿಗೆ ಯಾವ ಗುಡ್ಡ ಎತ್ತರ ಎಂಬುದು ಗೊತ್ತಿರಲಿಲ್ಲವೇ?

ಅಲ್ಲಿಂದ ನಮ್ಮ ಮೊದಲ ಪಾತ್ರ. ಹೆಸರು ದುರುಗಮ್ಮ. ಬಳ್ಳಾರಿಯ ಕನಕ ದುರ್ಗಮ್ಮನನ್ನು ಬಲ್ಲವರಿಗೆ ಆ ಹೆಸರೇ ಅವಳ ಊರು ಹೇಳುತ್ತದೆ. ಕಲ್ಲುಕುಟಿಗನ ಮಗಳು, ಬೀಸುಕಲ್ಲು, ಒರಳು ಕಡಿದು ಮಾರುತ್ತಾಳೆ. ಗಲ್ಲು ನಡೆದಾಗ ಚಿಕ್ಕ ಹುಡುಗಿ, ಈಗ ಮೂವತ್ತೈದು ದಾಟಿದವಳು. ಕುಂಬಾರ ಗುಡ್ಡ ಎತ್ತರ ಎಂದು ಅವಳ ಅಪ್ಪ ಕೆಲಸ ನಡೆಯುತ್ತಿದ್ದಾಗಲೇ ಯಾರಿಗೋ ಹೇಳಿದ್ದ. ಸಾಯುವಾಗ ಅಷ್ಟನ್ನು ಮಗಳಿಗೆ ತಿಳಿಸಿದ, ಹೆಸರು ಹೇಳುವ ಮೊದಲು ಉಸಿರು ನಿಂತಿತು. ಆ ಹೆಸರೇ ನಾವು ಬಿಡುವ ಖಾಲಿ ಜಾಗ. ಅವಳಿಗೆ ಬೇಕಾದದ್ದು ಒಂದೇ: ಅಪ್ಪನ ಮಾತನ್ನು ಮುಚ್ಚಿಟ್ಟವನು ಯಾರು? ಅಪ್ಪನ ಕೈಯ ಉಳಿ ಅವಳ ಸೊಂಟದಲ್ಲಿದೆ.

ಎರಡನೆಯವನು ಸಿರುಗುಪ್ಪದ ಅಂಬಿಗ ಹುಲುಗಪ್ಪ. ಹೊಳೆ ಗಡಿಯಾದದ್ದು ಇವನಿಗೆ ಬಡಿದಷ್ಟು ಬೇರೆ ಯಾರಿಗೂ ಬಡಿದಿಲ್ಲ. ತಂಗಿಯನ್ನು ಆಚೆ ದಡದ ಊರಿಗೆ ಕೊಟ್ಟಿದ್ದಾರೆ. ಹಿಂದೆ ಸಂಜೆ ಹರಿಗೋಲು ಹಾಕಿ ಹೋಗಿ ಉಂಡು ಬರುತ್ತಿದ್ದ. ಈಗ ಕತ್ತಲಾದ ಮೇಲೆ ಯಾರನ್ನಾದರೂ ದಾಟಿಸಿದರೆ ಹರಿಗೋಲು ಕಿತ್ತುಕೊಳ್ಳುತ್ತೇವೆಂದು ಎಚ್ಚರಿಕೆ ಕೊಟ್ಟಿದ್ದಾರೆ. ಒಮ್ಮೆ ಸಿಕ್ಕಿಬಿದ್ದು ಬಿಡಿಸಿಕೊಂಡಿದ್ದಾನೆ, ಇನ್ನೊಮ್ಮೆ ಸಿಕ್ಕರೆ ಬಿಡುವುದಿಲ್ಲ. ಇವನ ಪೂರ್ವಕಥೆ ಇಷ್ಟೇ. ಗುಟ್ಟಿಲ್ಲ, ಪ್ರತಿಜ್ಞೆ ಇಲ್ಲ. ಪ್ರತಿ ಪಾತ್ರಕ್ಕೂ ಶಕುನಿಯ ದಾಳ ಬೇಕಾಗಿಲ್ಲ. ಒಂದು ಭಯ, ಆಚೆ ದಡದಲ್ಲೊಂದು ಮನೆ ಇದ್ದರೆ ಸಾಕಾಗುವ ಪಾತ್ರಗಳೂ ಉಂಟು, ಮತ್ತು ಅವರಿಂದಲೇ ಆಟಕ್ಕೆ ನೆಲದ ವಾಸನೆ ಬರುತ್ತದೆ.

ಮೂರನೆಯವನು ಕುರುಗೋಡಿನ ದೊಡ್ಡಬಸಪ್ಪ. ಏಕಶಿಲೆಯ ಆ ಬೃಹತ್ ನಂದಿಯ ಊರಿನಲ್ಲಿ ಈ ಹೆಸರಿನವರನ್ನು ಕೂಗಿದರೆ ಬೀದಿಗೊಬ್ಬರು ತಿರುಗಿ ನೋಡುತ್ತಾರೆ. ಐವತ್ತು ದಾಟಿದ ಬಂಟ, ಪಾಳೇಗಾರನ ಸೇವೆಯಲ್ಲಿ ಇನಾಮು ಹೊಲ ಪಡೆದವನು. ಈಗ ಧಣಿ ಇಲ್ಲ, ಹೊಲವನ್ನು ಕಂಪನಿಯವರು ಅಳೆಯುತ್ತಿದ್ದಾರೆ, ಅದು ತನ್ನದು ಎಂದು ತೋರಿಸಲು ಕಾಗದ ಇಲ್ಲ. ಅದಕ್ಕೂ ಮುಂಚೆ, ಹರೆಯದಲ್ಲಿ, ಬಳ್ಳಾರಿ ಕೋಟೆಯ ಬಾಗಿಲು ಕಾಯುತ್ತಿದ್ದ. ಇಂಜಿನಿಯರನ್ನು ಗಲ್ಲಿಗೇರಿಸಿದ ದಿನ ಕಾವಲಿನಲ್ಲಿದ್ದವನು ಅವನೇ. ಅದನ್ನು ಯಾರಿಗೂ ಹೇಳಿಲ್ಲ.

ಮೂವರೂ ಬೇರೆಬೇರೆಯಾಗಿ ಉಳಿದರೆ ಆಟಕ್ಕೆ ಕೂತ ಮೂರು ಜನ ಒಬ್ಬರಿಗೊಬ್ಬರು ಸರದಿ ಕಾಯುತ್ತ ಕೂರಬೇಕಾಗುತ್ತದೆ. ಅದಕ್ಕೇ ಪೂರ್ವಕಥೆಯನ್ನು ಒಬ್ಬರೇ ಮನೆಯಲ್ಲಿ ಬರೆದು ತರಬಾರದು ಎಂದು ನಾನು ಹೇಳುವುದು. ಒಟ್ಟಿಗೆ ಕೂತು, ಪ್ರತಿಯೊಬ್ಬರೂ ಇನ್ನೊಬ್ಬರ ಕಥೆಗೆ ಒಂದು ಎಳೆ ಕಟ್ಟಬೇಕು. ದುರುಗಮ್ಮ ತನ್ನ ಬೀಸುಕಲ್ಲುಗಳನ್ನು ಸಿರುಗುಪ್ಪಕ್ಕೆ ಬಂಡಿಯಲ್ಲಿ ತಂದು ಹುಲುಗಪ್ಪನ ಹರಿಗೋಲಿನಲ್ಲಿ ಆಚೆ ದಡಕ್ಕೆ ಸಾಗಿಸುತ್ತಾಳೆ, ಅವನಿಗೆ ಬಾಡಿಗೆ ಬಾಕಿ ಇದೆ. ದೊಡ್ಡಬಸಪ್ಪ ಹುಲುಗಪ್ಪನನ್ನು ಒಮ್ಮೆ ಕಂಪನಿಯವರಿಂದ ಬಿಡಿಸಿದವನು. ದುರುಗಮ್ಮನಿಗೂ ದೊಡ್ಡಬಸಪ್ಪನಿಗೂ ಇರುವ ನಂಟು ಅವರಿಬ್ಬರಿಗೂ ಇನ್ನೂ ಗೊತ್ತಿಲ್ಲ, ಗೇಮ್ ಮಾಸ್ಟರಿಗೆ ಮಾತ್ರ ಗೊತ್ತು. ಆಟಗಾರರು ತಮ್ಮ ಗುಟ್ಟನ್ನು ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಟ್ಟಿರುತ್ತಾರೆ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಪಾತ್ರಕ್ಕೆ ಬಣ್ಣ ಬರಲಿ ಎಂದು ನೆರೆಹೊರೆಯವರ ನಿಜವಾದ ಗಾಯವನ್ನು ಎತ್ತಿಕೊಳ್ಳುವವರಿದ್ದಾರೆ. ನಮ್ಮ ಸೀಮೆಯಲ್ಲಿ ದೇವದಾಸಿ ಪದ್ಧತಿಯನ್ನು 1982ರ ಕಾನೂನು ನಿಷೇಧಿಸಿದ ಮೇಲೂ ಅದರ ನೋವನ್ನು ಹೊತ್ತ ಕುಟುಂಬಗಳಿವೆ, ಅವರ ಮಕ್ಕಳು ಅದೇ ಶಾಲೆ ಕಾಲೇಜುಗಳಲ್ಲಿ ಓದುತ್ತಾರೆ, ಅದೇ ಮೇಜಿನ ಸುತ್ತ ಕೂರಲೂಬಹುದು. ಜಾತಿಯ ಮಾತೂ ಹಾಗೆಯೇ. 1803ರ ಲೋಕದಲ್ಲಿ ಜಾತಿ ಇಲ್ಲವೆಂದು ನಟಿಸುವುದು ಸುಳ್ಳು, ಇದೆ ಎಂದು ಆಟದಲ್ಲಿ ಯಾರನ್ನೋ ಅವಮಾನಿಸುವುದು ತಪ್ಪು. ಏನನ್ನು ಆಡುತ್ತೇವೆ, ಯಾವುದನ್ನು ಮುಟ್ಟುವುದಿಲ್ಲ ಎಂದು ಶುರುವಿನಲ್ಲೇ ಕೇಳಿ ಗೊತ್ತುಮಾಡಿಕೊಳ್ಳಬೇಕು. ಯಾರಾದರೂ ಬೇಡ ಎಂದರೆ ಕಾರಣ ಕೇಳದೆ ಬಿಡಬೇಕು. ಆ ನೋವು ಸ್ವತಃ ತಮ್ಮದಾಗಿದ್ದವರು ಅದನ್ನು ಪಾತ್ರಕ್ಕೆ ತರಬಯಸಿದರೆ ಅದು ಅವರ ಹಕ್ಕು, ಉಳಿದವರು ಕಿವಿಗೊಟ್ಟು ಆಡಬೇಕು.

ಇಷ್ಟಾದ ಮೇಲೆ ಗೇಮ್ ಮಾಸ್ಟರಿಗೆ ಆಟ ತೆರೆಯಲು ಹೆಚ್ಚೇನೂ ಬೇಡ. ಸಿರುಗುಪ್ಪದ ದಡದಲ್ಲಿ ಕತ್ತಲು. ದುರುಗಮ್ಮ ಕಲ್ಲುಗಳನ್ನು ಇಳಿಸಿ ಬಾಡಿಗೆಯ ಲೆಕ್ಕ ಮಾಡುತ್ತಿದ್ದಾಳೆ, ಹೊಲದ ಅರ್ಜಿ ಬರೆಸಲು ಬಂದ ದೊಡ್ಡಬಸಪ್ಪ ರಾತ್ರಿಗೆ ಅಲ್ಲೇ ಉಳಿದಿದ್ದಾನೆ. ಆಚೆ ದಡದಿಂದ ಒಬ್ಬ ಮುದುಕ ಕೂಗುತ್ತಿದ್ದಾನೆ, ತನ್ನನ್ನು ಈಗಲೇ ದಾಟಿಸಬೇಕಂತೆ, ಬೆಳಗಾದರೆ ತಾನು ಉಳಿಯುವುದಿಲ್ಲವಂತೆ. ಹೈದರನ ಕಾಲದಲ್ಲಿ ಬಳ್ಳಾರಿ ಕೋಟೆಯಲ್ಲಿ ದುಭಾಷಿಯಾಗಿದ್ದೆ, ಫರಂಗಿಯವನಿಗೆ ಹೇಳಬೇಕಾದ ಒಂದು ಮಾತನ್ನು ಹೇಳದೆ ಉಳಿಸಿಕೊಂಡಿದ್ದೇನೆ ಎನ್ನುತ್ತಿದ್ದಾನೆ. ದುರುಗಮ್ಮನ ಕೈ ಉಳಿಯ ಮೇಲೆ ಹೋಗುತ್ತದೆ, ಹುಟ್ಟು ಹಾಕು ಎನ್ನುತ್ತಾಳೆ. ಆ ದನಿಯನ್ನು ಗುರುತಿಸಿದ ದೊಡ್ಡಬಸಪ್ಪ ಬೇಡ ಎನ್ನುತ್ತಾನೆ, ಯಾಕೆ ಬೇಡ ಎಂದು ಹೇಳಲಾರ. ಹುಲುಗಪ್ಪನಿಗೆ ಒಬ್ಬಳಿಂದ ಬಾಡಿಗೆ ಬರಬೇಕು, ಇನ್ನೊಬ್ಬನ ಋಣ ತೀರಿಸಬೇಕು, ಹರಿಗೋಲು ಒಂದೇ ಇದೆ, ಪಹರೆಯವರ ದೀವಟಿಗೆ ದೂರದಲ್ಲಿ ಕಾಣುತ್ತಿದೆ. ಮೂವರು ಆಟಗಾರರೂ ಒಟ್ಟಿಗೇ ಮಾತಾಡತೊಡಗುತ್ತಾರೆ, ಗೇಮ್ ಮಾಸ್ಟರ್ ದಾಳವನ್ನು ಕೈಯಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ಅವರ ಜಗಳ ಕೇಳುತ್ತ ಕೂರಬಹುದು.